ಮಕ್ಕಳಿಗೆ ಹೆಸರುಗಳನ್ನು ಕಲಿಸುವವರು ಯಾರು?

ಪ್ರಥಮ ಮಾನವ ಆದಮ್(ಅ)ರಿಗೆ ಅಲ್ಲಾಹನು ಸಕಲ ವಸ್ತುಗಳ ಹೆಸರುಗಳನ್ನು ಕಲಿಸಿದನೆಂದು ಪವಿತ್ರ ಕುರ್‌ಆನಿನ ಅಲ್-ಬಕರ ಅಧ್ಯಾಯವು ತಿಳಿಸುತ್ತದೆ. ದೇವಚರರಿಗೆ ಹೇಳಲಾಗದ ಹೆಸರುಗಳನ್ನು ಆದಮರು ಹೇಳಿದರು. ಮನುಷ್ಯನ ಹಿರಿಮೆಯು ಹೆಸರುಗಳ ಅರಿವಿನೊಂದಿಗೆ ಬೆಸೆದುಕೊಂಡಿದೆ ಎಂಬುದು ಆ ವೃತ್ತಾಂತದ ಒಂದು ದೊಡ್ಡ ಪಾಠ. ಪ್ರತಿ ಮಗುವಿನ ಬಾಲ್ಯದಲ್ಲಿಯೂ ಈ ಪಾಠ ಮತ್ತೊಮ್ಮೆ ಆರಂಭವಾಗುತ್ತದೆ. ತೊಟ್ಟಿಲಿನಿಂದಿಳಿದು ಅಂಗಳಕ್ಕೆ ಕಾಲಿಟ್ಟ ಕಂದ ಕಂಡದ್ದಕ್ಕೆಲ್ಲ ಬೆರಳು ಮಾಡಿ ಇದೇನು, ಅದೇನು ಎಂದು ಕೇಳುತ್ತದೆ. ಯಾರೋ ಒಬ್ಬರು ಉತ್ತರ ಹೇಳುತ್ತಾರೆ. ಉತ್ತರ ಹೇಳಿದವರ ಕಣ್ಣಿನಿಂದಲೇ ಮಗು ಮುಂದೆ ಲೋಕವನ್ನು ನೋಡತೊಡಗುತ್ತದೆ.

ಮಗುವಿನ ಈ ಮೊದಲ ಪಾಠಗಳು ಮೂರು ಬಗೆಯವು: ಅಕ್ಷರ, ಆಹಾರ ಮತ್ತು ಪ್ರಕೃತಿ. ಲೋಕದ ಯಾವ ಮೂಲೆಯಲ್ಲೇ ಆಗಲಿ, ಮಕ್ಕಳಿಗಾಗಿ ತಯಾರಾಗುವ ಒಳ್ಳೆಯ ಶೈಕ್ಷಣಿಕ ಟಿ.ವಿ. ಕಾರ್ಯಕ್ರಮಗಳು ಈ ಮೂರರ ಸುತ್ತಲೇ ತಿರುಗುತ್ತವೆ. ಕುರ್‌ಆನ್ ಕೂಡ ಮನುಷ್ಯನನ್ನು ಈ ಮೂರರ ಕಡೆಗೂ ಕರೆಯುತ್ತದೆ. ಮೊಟ್ಟಮೊದಲು ಅವತೀರ್ಣವಾದ ವಚನಗಳಲ್ಲಿಯೇ ಓದಿನ ಆಜ್ಞೆಯಿದೆ, ಲೇಖನಿಯ ಉಲ್ಲೇಖವಿದೆ. ಅಬಸ ಅಧ್ಯಾಯವು ಮನುಷ್ಯನಿಗೆ ತನ್ನ ಆಹಾರದ ಕಡೆಗೊಮ್ಮೆ ನೋಡೆಂದು ಹೇಳಿ, ಮಳೆ ಸುರಿದದ್ದು, ನೆಲ ಸೀಳಿದ್ದು, ಧಾನ್ಯ, ದ್ರಾಕ್ಷಿ, ಖರ್ಜೂರಗಳು ಬೆಳೆದದ್ದು ಹೀಗೆ ಒಂದೊಂದಾಗಿ ವಿವರಿಸುತ್ತದೆ. ಅಲ್-ಗಾಶಿಯ ಅಧ್ಯಾಯವು ಒಂಟೆ, ಆಕಾಶ, ಬೆಟ್ಟ, ಭೂಮಿಗಳನ್ನು ನೋಡಿ ಆಲೋಚಿಸಲು ಹೇಳುತ್ತದೆ. ಆದ್ದರಿಂದ ಮಕ್ಕಳ ಟಿ.ವಿ. ಎಂದರೆ ಮನೋರಂಜನೆಯ ಮಾತು, ಅದು ನಮ್ಮ ಚಿಂತನೆಗೆ ತಕ್ಕ ವಿಷಯವಲ್ಲ ಎಂದು ತಳ್ಳಿಹಾಕುವಂತಿಲ್ಲ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಮ್ಮ ಮನೆಗಳ ಸ್ಥಿತಿಯನ್ನು ಒಮ್ಮೆ ಗಮನಿಸಿ. ನೇಕಾರರ ಓಣಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ವಿದ್ಯುತ್ ಮಗ್ಗಗಳ ಸದ್ದು. ಕಬ್ಬು ಕಟಾವಿನ ಕಾಲ ಬಂದರೆ ಹೊಲದಲ್ಲಿ ದುಡಿಯುವವರಿಗೆ, ಲಾರಿ-ಟ್ರ್ಯಾಕ್ಟರ್ ನಡೆಸುವವರಿಗೆ, ಕಾರ್ಖಾನೆಗೆ ಹೋಗುವವರಿಗೆ ಹಗಲು ರಾತ್ರಿಗಳ ವ್ಯತ್ಯಾಸವಿರುವುದಿಲ್ಲ. ದುಡಿದು ಬಂದ ತಂದೆಗೆ ದಣಿವು, ಮನೆಗೆಲಸದ ಜೊತೆ ಕಂಡಿಕೆ ಸುತ್ತುವ ತಾಯಿಗೆ ಬಿಡುವಿಲ್ಲ. ಅಳುವ ಮಗುವಿನ ಕೈಗೆ ಮೊಬೈಲ್ ಬರುತ್ತದೆ. ಊಟ ಒಲ್ಲೆನೆನ್ನುವ ಮಗುವಿನ ಮುಂದೆ ಟಿ.ವಿ. ಹಚ್ಚಲಾಗುತ್ತದೆ. ಮಗು ಸುಮ್ಮನಾಗುತ್ತದೆ, ತುತ್ತು ಒಳಗೆ ಹೋಗುತ್ತದೆ. ಈ ತಾಯಂದಿರನ್ನು ಹಳಿಯುವುದು ಸುಲಭ, ಆದರೆ ಅನ್ಯಾಯ. ನಾವು ಕೇಳಬೇಕಾದ ಪ್ರಶ್ನೆ ಬೇರೆಯದು. ಆ ಹೊತ್ತಿನಲ್ಲಿ ಮಗುವಿಗೆ ಲೋಕದ ಹೆಸರುಗಳನ್ನು ಹೇಳಿಕೊಡುತ್ತಿರುವವರು ಯಾರು? ಯಾವ ಭಾಷೆಯಲ್ಲಿ? ಯಾವ ಲೋಕದ ಹೆಸರುಗಳನ್ನು?

ನಮ್ಮಲ್ಲಿ ಹೆಚ್ಚಿನ ಮನೆಗಳ ಮಾತು ದಖನಿ ಉರ್ದು. ಓಣಿಯ, ಸಂತೆಯ, ಕಚೇರಿಯ ಮಾತು ಕನ್ನಡ. ಕಾರ್ಟೂನುಗಳ ಮಾತು ಬಹುತೇಕ ಹಿಂದಿ ಇಲ್ಲವೇ ಇಂಗ್ಲಿಷ್. ಮಗು ಆರು ವರ್ಷಕ್ಕೆ ಶಾಲೆಯ ಮೆಟ್ಟಿಲು ಹತ್ತುವಾಗ ಅದಕ್ಕೆ ಕಾರ್ಟೂನಿನ ಹಿಂದಿ ಚೆನ್ನಾಗಿಯೇ ಬರುತ್ತದೆ, ಆಪಲ್ ಎಂಬುದೂ ಬರುತ್ತದೆ. ಆದರೆ ಅದೇ ಊರಿನ ಹೊಲದಲ್ಲಿ ತಲೆದೂಗುವ ಜೋಳದ ತೆನೆಗೆ ಕನ್ನಡದಲ್ಲಿ ಏನನ್ನುತ್ತಾರೆಂದು ತಿಳಿದಿರುವುದಿಲ್ಲ. ಅಂತಹ ಮಗು ತರಗತಿಯಲ್ಲಿ ಮೌನವಾಗಿ ಕುಳಿತಿದ್ದರೆ ಅದನ್ನು ದಡ್ಡ ಎಂದು ಗುರುತಿಸಲು ಹೆಚ್ಚು ದಿನ ಬೇಕಾಗುವುದಿಲ್ಲ. ಆ ಹಣೆಪಟ್ಟಿ ಅಂಟಿದ ಮೇಲೆ ಕೀಳಲು ಮಾತ್ರ ವರ್ಷಗಳು ಬೇಕು. ಉರ್ದು ಶಾಲೆಗೆ ಹೋಗುವ ಮಗುವಿಗೂ ಮುಂದೆ ಕಾಲೇಜು, ನೌಕರಿ, ವ್ಯಾಪಾರಗಳಲ್ಲಿ ಕನ್ನಡದ ಬಾಗಿಲು ಎದುರಾಗಲೇಬೇಕು. ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯೆನಿಸಿದ ರನ್ನನ ಊರು ನಮ್ಮ ಮುಧೋಳ. ಆ ನೆಲದಲ್ಲಿ ಬೆಳೆಯುವ ನಮ್ಮ ಮಗು ಕನ್ನಡದ ಮುಂದೆ ಪರಕೀಯನಂತೆ ನಿಲ್ಲುವುದು ಯಾರಿಗೂ ಶೋಭೆಯಲ್ಲ.

ಟಿ.ವಿ.ಯ ಮೂಲಕ ಹಳ್ಳಿಯ ಮಗುವಿಗೆ ಅದರದೇ ಭಾಷೆಯಲ್ಲಿ ಕಲಿಸಬಹುದೆಂಬ ಆಲೋಚನೆ ನಮ್ಮ ನಾಡಿಗೆ ಹೊಸದಲ್ಲ. ವಾಸ್ತವದಲ್ಲಿ, ಭಾರತದಲ್ಲಿ ಅದರ ಮೊದಲ ದೊಡ್ಡ ಪ್ರಯೋಗ ನಡೆದ ಪ್ರದೇಶಗಳಲ್ಲಿ ನಮ್ಮ ಜಿಲ್ಲೆಯೂ ಒಂದು. ಅರ್ಧ ಶತಮಾನದ ಹಿಂದೆ, 1975ರ ಆಗಸ್ಟ್ 1ರಂದು, ಉಪಗ್ರಹದ ಮೂಲಕ ಹಳ್ಳಿಗಳಿಗೆ ಶಿಕ್ಷಣ ನೀಡುವ ಯೋಜನೆಯೊಂದು ಆರಂಭವಾಯಿತು. ಅದರ ಇಂಗ್ಲಿಷ್ ಹೆಸರಿನ ಸಂಕ್ಷಿಪ್ತ ರೂಪವಾದ ‘ಸೈಟ್’ ಎಂದೇ ಅದು ಪ್ರಸಿದ್ಧ. ಆರು ರಾಜ್ಯಗಳ ಇಪ್ಪತ್ತು ಜಿಲ್ಲೆಗಳ ಸುಮಾರು 2,400 ಹಳ್ಳಿಗಳನ್ನು ಇದಕ್ಕಾಗಿ ಆರಿಸಲಾಯಿತು. ಕರ್ನಾಟಕದಿಂದ ಆಯ್ಕೆಯಾದವು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಂದು ಜಮಖಂಡಿ, ಮುಧೋಳ, ಬೀಳಗಿ ತಾಲೂಕುಗಳೆಲ್ಲ ಬಿಜಾಪುರ ಜಿಲ್ಲೆಯಲ್ಲೇ ಇದ್ದವು.

ವಿಕ್ರಮ್ ಸಾರಾಭಾಯಿಯವರ ಕನಸಾಗಿದ್ದ ಈ ಯೋಜನೆಯ ಒಪ್ಪಂದ ಅಮೆರಿಕದ ನಾಸಾ ಸಂಸ್ಥೆಯೊಂದಿಗೆ 1969ರಲ್ಲೇ ಆಗಿತ್ತು. ಅದು ಕಾರ್ಯರೂಪಕ್ಕೆ ಬರುವ ಹೊತ್ತಿಗೆ ಅವರು ಬದುಕಿರಲಿಲ್ಲ. ನಾಸಾದ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತದ ಬಳಕೆಗೆ ಕೊಡಲಾಯಿತು. ಆಯ್ಕೆಯಾದ ಹಳ್ಳಿಯ ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಒಂದು ಟಿ.ವಿ. ಇಟ್ಟು, ಸುಮಾರು ಹತ್ತು ಅಡಿ ಅಗಲದ ತಂತಿಬಲೆಯ ಆಂಟೆನಾವನ್ನು ಅಲ್ಲಿಯೇ ನಿಲ್ಲಿಸಲಾಯಿತು. ಕನ್ನಡ ಮತ್ತು ತೆಲುಗು ಕಾರ್ಯಕ್ರಮಗಳಿಗೆ ಹೈದರಾಬಾದ್ ಕೇಂದ್ರವಾಗಿತ್ತು. ಬೆಳಿಗ್ಗೆ ಐದರಿಂದ ಹನ್ನೆರಡು ವರ್ಷದ ಶಾಲಾ ಮಕ್ಕಳಿಗಾಗಿ ಪ್ರತಿ ಭಾಷೆಯಲ್ಲಿ ಸುಮಾರು ಇಪ್ಪತ್ತೆರಡೂವರೆ ನಿಮಿಷದ ಪ್ರಸಾರ. ಸಂಜೆ ಊರಿನವರಿಗೆಲ್ಲ ಕೃಷಿ, ಆರೋಗ್ಯ, ಪೌಷ್ಟಿಕತೆಯಂತಹ ವಿಷಯಗಳು. ಮಕ್ಕಳಿಗೆ ವಿಜ್ಞಾನ ತಿಳಿಸುವ ಕಾರ್ಯಕ್ರಮಗಳನ್ನು ಇಸ್ರೋ ತನ್ನ ಬೊಂಬಾಯಿಯ ಸ್ಟುಡಿಯೋದಲ್ಲಿ ತಯಾರಿಸಿತು. ಅಷ್ಟೇ ಅಲ್ಲ, ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಇದೇ ಮಾಧ್ಯಮದ ಮೂಲಕ ವಿಜ್ಞಾನ ಬೋಧನೆಯ ತರಬೇತಿ ನೀಡಲಾಯಿತು. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು, ಉಪಗ್ರಹ ಹಿಂದಿರುಗಿತು.

ಆ ಒಂದು ವರ್ಷದ ವ್ಯವಸ್ಥೆಯ ರಚನೆಯನ್ನು ನೋಡಿದರೆ ನಾವಿಂದು ಕಳೆದುಕೊಂಡದ್ದೇನೆಂಬುದು ಸ್ಪಷ್ಟವಾಗುತ್ತದೆ. ಅಲ್ಲಿ ಟಿ.ವಿ. ಊರಿಗೆ ಒಂದೇ ಇತ್ತು, ಮಕ್ಕಳು ಒಟ್ಟಿಗೆ ಕುಳಿತು ನೋಡುತ್ತಿದ್ದರು. ಪ್ರಸಾರಕ್ಕೆ ಆರಂಭವಿತ್ತು, ಮುಕ್ತಾಯವೂ ಇತ್ತು. ಶಾಲೆಯ ಮಕ್ಕಳು ನೋಡುವಾಗ ಶಿಕ್ಷಕರಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಕಾರ್ಯಕ್ರಮ ಕನ್ನಡದಲ್ಲಿತ್ತು. ಇಂದು ಪ್ರತಿ ಮನೆಯಲ್ಲೂ ಟಿ.ವಿ., ಪ್ರತಿ ಕೈಯಲ್ಲೂ ಮೊಬೈಲ್. ಒಂದು ವಿಡಿಯೋ ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿಯೇ ಆರಂಭವಾಗುತ್ತದೆ. ನಿಲ್ಲಿಸುವವರಿಲ್ಲ, ಜೊತೆಗೆ ಕುಳಿತವರಿಲ್ಲ, ಮಗು ಒಂಟಿ. ಉಪಕರಣ ಸಾವಿರ ಪಟ್ಟು ಬೆಳೆಯಿತು, ಅದರ ಸುತ್ತಲಿನ ವ್ಯವಸ್ಥೆ ಮಾತ್ರ ಕುಸಿಯಿತು.

ಮುಂದಿನ ದಿನಗಳಲ್ಲಿ ಕನ್ನಡದ ಮಗುವಿನ ಪಾಲಿಗೆ ಬಂದದ್ದು ಅಲ್ಪ. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. ಎಂಬತ್ತರ ದಶಕದಲ್ಲಿ ನಮ್ಮದೇ ಇನ್ಸಾಟ್ ಉಪಗ್ರಹದ ಮೂಲಕ ಶಾಲಾ ಮಕ್ಕಳಿಗೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ನೀಡತೊಡಗಿದಾಗ, ಆರು ರಾಜ್ಯಗಳಲ್ಲಿ ಅದಕ್ಕೆಂದೇ ಸಂಸ್ಥೆಗಳು ಸ್ಥಾಪನೆಯಾದವು. ಹಿಂದಿ, ಮರಾಠಿ, ಗುಜರಾತಿ, ಒಡಿಯಾ, ತೆಲುಗು ಭಾಷೆಗಳ ಮಕ್ಕಳಿಗೆ ಕಾರ್ಯಕ್ರಮಗಳು ಸಿದ್ಧವಾದವು. ಮೊದಲ ಪ್ರಯೋಗದಲ್ಲಿದ್ದ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. 2009ರಲ್ಲಿ ಮಕ್ಕಳಿಗಾಗಿಯೇ ಚಿಂಟು ಟಿ.ವಿ. ಎಂಬ ಕನ್ನಡ ವಾಹಿನಿ ಬಂದಾಗ ಸಂತೋಷವಾಯಿತಾದರೂ, ಅದರಲ್ಲಿ ಹೆಚ್ಚಾಗಿ ಬಂದದ್ದು ಹೊರನಾಡುಗಳಲ್ಲಿ ತಯಾರಾಗಿ ಕನ್ನಡದ ಧ್ವನಿ ಜೋಡಿಸಿಕೊಂಡ ಕಾರ್ಟೂನುಗಳು. ಮಾತು ಕನ್ನಡವಾದರೂ ಮನೆ, ಮರ, ಊಟ, ಉಡುಪು ಪರದೇಶದ್ದು. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯು ‘ಸಂವೇದ’ ಎಂಬ ಹೆಸರಿನಲ್ಲಿ ಪಾಠಗಳನ್ನು ಪ್ರಸಾರ ಮಾಡಿತು. ಮೊಬೈಲ್ ಡೇಟಾ ಕೊಳ್ಳಲಾಗದ ಮನೆಗಳಿಗೆ ಅದೊಂದು ದೊಡ್ಡ ಆಸರೆ. ಆದರೆ ಅದು ಪಠ್ಯಪುಸ್ತಕದ ಪಾಠ, ಪರೀಕ್ಷೆಯನ್ನು ಕಣ್ಣ ಮುಂದಿಟ್ಟುಕೊಂಡದ್ದು. ನಾಲ್ಕು ವರ್ಷದ ಮಗು ನಗುನಗುತ್ತ ಅಕ್ಷರ ಕಲಿಯುವಂತಹ ಬೇರೊಂದು ಬಗೆಯ ಕಾರ್ಯಕ್ರಮದ ಕೊರತೆ ಹಾಗೆಯೇ ಉಳಿಯಿತು.

ಲೋಕದ ಬೇರೆಡೆ ಈ ಕೆಲಸ ಹೇಗೆ ನಡೆಯಿತೆಂದು ತಿಳಿಯುವುದು ಉಪಯುಕ್ತ. 1969ರ ನವೆಂಬರಿನಲ್ಲಿ ಅಮೆರಿಕದಲ್ಲಿ ‘ಸೆಸಮಿ ಸ್ಟ್ರೀಟ್’ ಆರಂಭವಾಯಿತು. ಬಡವರ ಮಕ್ಕಳು ಶಾಲೆಗೆ ಸೇರುವ ಮೊದಲೇ ಹಿಂದುಳಿದಿರುತ್ತಾರೆ, ಆ ಅಂತರವನ್ನು ತುಂಬಬೇಕೆಂಬುದು ಅದರ ಉದ್ದೇಶವಾಗಿತ್ತು. ಬೊಂಬೆಗಳು, ಹಾಡು, ಸಣ್ಣ ಸಣ್ಣ ದೃಶ್ಯಗಳ ಮೂಲಕ ಅಕ್ಷರ ಮತ್ತು ಅಂಕಿಗಳನ್ನು ಕಲಿಸಲಾಯಿತು. ಆರಂಭದ ವರ್ಷಗಳಲ್ಲೇ ಅದರ ಪರಿಣಾಮವನ್ನು ಅಳೆದು ನೋಡಿದವರಿಗೆ ಎರಡು ಅಂಶಗಳು ಕಂಡುಬಂದವು. ಹೆಚ್ಚು ನೋಡಿದ ಮಕ್ಕಳು ಹೆಚ್ಚು ಕಲಿತಿದ್ದರು. ಬಹಳ ಕಲಿತವರಲ್ಲಿ, ತಾಯಿಯೊಂದಿಗೆ ಕುಳಿತು ನೋಡಿ ಅದರ ಬಗ್ಗೆ ಮಾತನಾಡುತ್ತಿದ್ದ ಮಕ್ಕಳು ಎದ್ದು ಕಂಡರು. ಪರದೆಯ ಅಕ್ಷರ ಮಗುವಿನ ಮನಸ್ಸಿಗೆ ಇಳಿಯಲು ಮನುಷ್ಯನ ಮಾತು ಮೆಟ್ಟಿಲಾಗಬೇಕು.

ಇದರ ಅರಬಿ ರೂಪ ‘ಇಫ್ತಹ್ ಯಾ ಸಿಮ್‌ಸಿಮ್’ 1979ರಲ್ಲಿ ಕುವೈತಿನಿಂದ ಪ್ರಸಾರವಾಯಿತು. ಅಲಿಬಾಬಾನ ಕಥೆಯಲ್ಲಿ ಗುಹೆಯ ಬಾಗಿಲು ತೆರೆಸುವ ಮಾತೇ ಅದರ ಹೆಸರು. ಅದರ ನಿರ್ಮಾಪಕರ ಮುಂದಿದ್ದ ಸಮಸ್ಯೆಯನ್ನು ನಮ್ಮ ಓದುಗರು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲರು. ಅರಬ್ ಮಕ್ಕಳು ಮನೆಯಲ್ಲಿ ಆಡುವ ಅರಬಿ ಬೇರೆ, ಪುಸ್ತಕದ ಅರಬಿ ಬೇರೆ. ದೇಶ ದೇಶಕ್ಕೂ ಆಡುಮಾತು ಬದಲಾಗುತ್ತದೆ. ಅವರು ಸರಳಗೊಳಿಸಿದ ಗ್ರಾಂಥಿಕ ಅರಬಿಯನ್ನೇ ಆರಿಸಿಕೊಂಡರು. ಶಾಲೆಯಲ್ಲಿ ಗಂಭೀರ ಮುಖದೊಂದಿಗೆ ಎದುರಾಗುತ್ತಿದ್ದ ಭಾಷೆ, ಬೊಂಬೆಗಳ ಬಾಯಲ್ಲಿ ನಗುತ್ತ ಮನೆಯೊಳಗೆ ಬಂತು. ಆಡುಮಾತನ್ನು ಕೀಳೆಂದು ಹೇಳದೆ, ಅಕ್ಷರದ ಭಾಷೆಯನ್ನು ಮಗುವಿಗೆ ಆಪ್ತವಾಗಿಸುವ ದಾರಿ ಅದು. ದಖನಿ ಮಾತನಾಡುವ ಮನೆಯ ಮಗುವಿಗೆ ಕನ್ನಡವೂ ಹೀಗೆಯೇ ನಗುತ್ತ ಬರಬೇಡವೇ?

2006ರಲ್ಲಿ ಭಾರತಕ್ಕೆ ‘ಗಲಿ ಗಲಿ ಸಿಮ್ ಸಿಮ್’ ಬಂತು. ಚಮ್ಕಿ ಎಂಬ ಶಾಲಾ ಹುಡುಗಿಯ ಬೊಂಬೆಯನ್ನು ದೇಶದ ಮಕ್ಕಳು ಮೆಚ್ಚಿದರು. ಅಲ್ಲಿದ್ದದ್ದು ಪರದೇಶದ ಬೀದಿಯಲ್ಲ, ನಮ್ಮ ದೇಶದ ಗಲ್ಲಿ. ಆದರೆ ಅದರ ಭಾಷೆ ಹಿಂದಿ. ಕನ್ನಡದ ಓಣಿಯೊಂದು ಹಾಗೆ ಪರದೆಯ ಮೇಲೆ ಮೂಡಿ ವರ್ಷಗಟ್ಟಲೆ ಮಕ್ಕಳೊಂದಿಗೆ ಬೆಳೆಯಲಿಲ್ಲ. ಅದರಲ್ಲೂ ಕೃಷ್ಣೆ-ಘಟಪ್ರಭೆಗಳ ಸೀಮೆಯ ಓಣಿಯ ಮಾತಂತೂ ದೂರವೇ ಉಳಿಯಿತು.

ಇಲ್ಲಿ ನಮ್ಮ ಸಮುದಾಯದೊಳಗಿನ ಎರಡು ಧೋರಣೆಗಳ ಬಗ್ಗೆ ಮಾತನಾಡಬೇಕು. ಟಿ.ವಿ., ಮೊಬೈಲ್ ಎಲ್ಲವೂ ಫಿತ್ನಾದ ಮೂಲ, ಆದ್ದರಿಂದ ಮನೆಯಿಂದ ಹೊರಗಿಡಿ ಎನ್ನುವವರು ಒಂದು ಕಡೆ. ಅವರ ಆತಂಕ ಸುಳ್ಳಲ್ಲ. ಮಕ್ಕಳ ವಾಹಿನಿಗಳ ನಡುವೆ ನುಗ್ಗುವ ಜಾಹೀರಾತು, ಹಿಂಸೆಯ ದೃಶ್ಯ, ಸಭ್ಯತೆ ಮೀರಿದ ಮಾತು ಇವೆಲ್ಲ ಇರುವುದು ನಿಜ. ಆದರೆ ಸಾಧನವನ್ನೂ ಅದರ ದುರ್ಬಳಕೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ? ಬದ್ರ್ ಯುದ್ಧದಲ್ಲಿ ಸೆರೆಯಾದ ಮಕ್ಕಾದವರಲ್ಲಿ ಅಕ್ಷರ ಬಲ್ಲವರು, ಮದೀನಾದ ಮಕ್ಕಳಿಗೆ ಓದು-ಬರಹ ಕಲಿಸಿ ಬಿಡುಗಡೆ ಹೊಂದಿದರೆಂದು ಚರಿತ್ರೆಯಲ್ಲಿದೆ. ನಿನ್ನೆಯವರೆಗೆ ಎದುರಾಳಿಗಳಾಗಿದ್ದವರ ಕೈಯಿಂದಲೂ ಪ್ರವಾದಿ(ಸ)ರು ಅಕ್ಷರವನ್ನು ಸ್ವೀಕರಿಸಿದರು. ಆದರೆ ಕಲಿಕೆ ನಡೆದದ್ದು ಮದೀನಾದಲ್ಲಿ, ಸಮುದಾಯದ ಕಣ್ಣೆದುರಿನಲ್ಲಿ. ಈ ಎರಡೂ ಅಂಶಗಳು ನಮಗೆ ಮುಖ್ಯ. ಇನ್ನು ಬೊಂಬೆಗಳ ಬಗ್ಗೆ ಹಿಂಜರಿಯುವವರು ಆಯಿಶಾ(ರ)ರ ಬಾಲ್ಯದ ಆಟಿಕೆಗಳ ಹದೀಸನ್ನು ನೆನಪಿಸಿಕೊಳ್ಳಲಿ. ಅವರ ಆಟಿಕೆಗಳಲ್ಲಿದ್ದ ರೆಕ್ಕೆಯ ಕುದುರೆಯನ್ನು ಕಂಡು ಪ್ರವಾದಿ(ಸ)ರು ನಕ್ಕರು ಎಂದಿದೆ. ಮಗುವಿನ ಕಲ್ಪನೆಗೆ ಅಲ್ಲಿ ಗದರಿಕೆಯಿಲ್ಲ, ನಗುವಿದೆ.

ಮತ್ತೊಂದು ಕಡೆ, ಏನೂ ಯೋಚಿಸದೆ ಮೊಬೈಲನ್ನು ಮಗುವಿನ ಕೈಗಿಡುವವರಿದ್ದಾರೆ. ಹೇಗೂ ಎ, ಬಿ, ಸಿ ಕಲಿಯುತ್ತಿದೆಯಲ್ಲ ಎಂಬ ಸಮಾಧಾನ ಅವರದು. ಎರಡು ವರ್ಷದೊಳಗಿನ ಶಿಶು ಎದುರಿಗಿರುವ ಮನುಷ್ಯನಿಂದ ಕಲಿಯುವಷ್ಟನ್ನು ಪರದೆಯಿಂದ ಕಲಿಯಲಾರದು ಎಂಬುದು ಸಂಶೋಧಕರ ಅನುಭವ. ಒಂದು ವರ್ಷದ ಮಗುವಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿತು. ಪ್ರತಿಯೊಬ್ಬರೂ ಪಾಲಕರು, ತಮ್ಮ ಪಾಲನೆಗೆ ಒಳಪಟ್ಟವರ ಬಗ್ಗೆ ವಿಚಾರಣೆಗೆ ಒಳಗಾಗುವವರು ಎಂಬ ಪ್ರವಾದಿ ಬೋಧನೆ ಹೊಲ, ಮಗ್ಗ, ಅಂಗಡಿಗಳಿಗೆ ಮಾತ್ರ ಅನ್ವಯಿಸುವುದಿಲ್ಲ. ಮಗುವಿನ ಕಣ್ಣಿಗೆ ಏನು ಬೀಳುತ್ತಿದೆ ಎಂಬುದೂ ಆ ವಿಚಾರಣೆಯ ಭಾಗ.

ಆಹಾರದ ವಿಷಯವನ್ನೇ ತೆಗೆದುಕೊಳ್ಳೋಣ. ಮಕ್ಕಳ ವಾಹಿನಿಗಳಲ್ಲಿ ಆಹಾರದ ಪಾಠವನ್ನು ಯಾರು ಮಾಡುತ್ತಾರೆ? ಬಹುಪಾಲು ಜಾಹೀರಾತುಗಳು. ಬಣ್ಣದ ಪೊಟ್ಟಣ, ಚಾಕಲೇಟು, ಬಿಸ್ಕತ್ತು, ಪಾನೀಯ ಇವೇ ಪಠ್ಯ. ಪೊಟ್ಟಣದೊಳಗಿನದು ಯಾವ ನೆಲದಲ್ಲಿ ಬೆಳೆಯಿತು, ಯಾರ ಬೆವರು ಅದರಲ್ಲಿದೆ ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಅಬಸ ಅಧ್ಯಾಯವಾದರೋ ಆಹಾರವನ್ನು ಮಳೆಯಿಂದ ಆರಂಭಿಸುತ್ತದೆ. ಈ ಕ್ರಮದಲ್ಲಿ ಪಾಠ ಮಾಡಲು ನಮ್ಮ ಸೀಮೆಗಿಂತ ಒಳ್ಳೆಯ ತರಗತಿ ಯಾವುದಿದೆ? ಕಬ್ಬು ನಾಟಿಯಿಂದ ಹಿಡಿದು ಗಾಣದ ಕೊಪ್ಪರಿಗೆಯಲ್ಲಿ ಹಾಲು ಕುದಿದು ಬೆಲ್ಲವಾಗುವವರೆಗಿನ ಕಥೆಯನ್ನು ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ನಿಲ್ಲಿಸಿದರೆ ಅದೊಂದು ಸೊಗಸಾದ ಕಾರ್ಯಕ್ರಮ. ಎರೆಹೊಲದಲ್ಲಿ ಹಿಂಗಾರಿ ಜೋಳ ಇಬ್ಬನಿ ಕುಡಿದು ಬೆಳೆದು, ಹಿಟ್ಟಾಗಿ, ತಾಯಿಯ ಅಂಗೈಯಲ್ಲಿ ರೊಟ್ಟಿಯಾಗಿ ಹೆಂಚಿನ ಮೇಲೆ ಉಬ್ಬುವುದು ಇನ್ನೊಂದು. ಮನೆಯಲ್ಲಿ ಅದು ಜವಾರ್, ಶಾಲೆಯಲ್ಲಿ ಜೋಳ. ಎರಡೂ ಹೆಸರುಗಳು ಒಂದೇ ತೆನೆಯವೆಂದು ಕಂಡ ಮಗುವಿಗೆ ಭಾಷೆಯ ಭಯ ಇರುವುದಿಲ್ಲ. ಭಾಷೆಗಳ ವೈವಿಧ್ಯವೇ ಅಲ್ಲಾಹನ ದೃಷ್ಟಾಂತಗಳಲ್ಲಿ ಒಂದೆಂದು ಅರ್‍ರೂಮ್ ಅಧ್ಯಾಯ ಹೇಳಿರುವಾಗ, ಎರಡು ಹೆಸರುಗಳನ್ನು ಬಲ್ಲ ಮಗು ಎರಡು ಪಟ್ಟು ಧನ್ಯ.

ಪುಟ್ಟ ಬಾಲಕ ಉಮರ್ ಬಿನ್ ಅಬೀ ಸಲಮ(ರ)ರ ಕೈ ತಟ್ಟೆಯ ತುಂಬ ಓಡಾಡುತ್ತಿದ್ದಾಗ, ಜೊತೆಗೆ ಉಣ್ಣುತ್ತಿದ್ದ ಪ್ರವಾದಿ(ಸ)ರು ಅಲ್ಲಾಹನ ಹೆಸರು ಹೇಳಿ, ಬಲಗೈಯಿಂದ, ತನ್ನ ಮುಂದಿನದನ್ನು ಉಣ್ಣುವಂತೆ ಅವರಿಗೆ ಕಲಿಸಿದರು. ಜೊತೆಗೆ ಕುಳಿತವರಷ್ಟೇ ಮಾಡಬಹುದಾದ ಪಾಠ ಅದು. ಮೊಬೈಲ್ ನೋಡುತ್ತ ತುತ್ತು ನುಂಗುವ ಮಗುವಿಗೆ ತಾನು ತಿಂದದ್ದು ಪುಂಡಿಪಲ್ಯವೋ ಬೇಳೆಯೋ ಗೊತ್ತಾಗುವುದಿಲ್ಲ. ಬಿಸ್ಮಿಲ್ಲಾಹ್ ಎನ್ನಲು ಅದರ ಬಾಯಿಗೂ ಬಿಡುವಿರುವುದಿಲ್ಲ. ಆಹಾರದ ಬಗ್ಗೆ ಎಷ್ಟೇ ಒಳ್ಳೆಯ ಕಾರ್ಯಕ್ರಮ ಬಂದರೂ ಅದನ್ನು ಊಟದ ಹೊತ್ತಿನಲ್ಲಿ ಹಚ್ಚಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಕೃತಿಯ ವಿಷಯದಲ್ಲಿಯೂ ಹೀಗೆಯೇ. ಆಫ್ರಿಕಾದ ಸಿಂಹ, ಧ್ರುವದ ಕರಡಿ ನಮ್ಮ ಮಕ್ಕಳಿಗೆ ಪರಿಚಿತ. ಬೀಳಗಿ ಮತ್ತು ಮುಧೋಳ ತಾಲೂಕುಗಳ ನಡುವಿನ ಯಡಹಳ್ಳಿಯಲ್ಲಿ ಚಿಂಕಾರಗಳಿಗೆಂದೇ ವನ್ಯಧಾಮವಿದೆ, ಅದು 2016ರಲ್ಲಿ ಘೋಷಣೆಯಾಯಿತು ಎಂಬುದು ದೊಡ್ಡವರಲ್ಲೇ ಅನೇಕರಿಗೆ ತಿಳಿಯದು. ಒಣ ಕುರುಚಲು ಕಾಡಿನಲ್ಲಿ ತೀರ ಅಲ್ಪ ನೀರಿನಲ್ಲಿ ಬದುಕುವ ಆ ನಾಜೂಕು ಪ್ರಾಣಿಯನ್ನು ನೋಡಿ ಆಲೋಚಿಸುವುದು ಒಂಟೆಯನ್ನು ನೋಡಿ ಆಲೋಚಿಸಿದಂತೆಯೇ. ಆಲಮಟ್ಟಿಯ ಹಿನ್ನೀರಿಗೆ ಚಳಿಗಾಲದಲ್ಲಿ ದೂರದಿಂದ ಬಂದಿಳಿಯುವ ಹಕ್ಕಿಗಳಿವೆ. ಅದೇ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಪುನರ್ವಸತಿ ಕೇಂದ್ರಗಳಿಗೆ ಬಂದ ಕುಟುಂಬಗಳೂ ಇವೆ. ಅಜ್ಜಿ-ತಾತಂದಿರ ಊರಿನ ಬಾವಿ, ಬೇವಿನ ಕಟ್ಟೆ, ಮಸೀದಿಗಳ ಹೆಸರುಗಳನ್ನು ಆ ಮಕ್ಕಳಿಗೆ ಯಾರು ಹೇಳಬೇಕು? ಯಾವ ಕಾರ್ಟೂನೂ ಹೇಳಲಾರದು. ನೆಟ್ಟ ಗಿಡದಿಂದ ಮನುಷ್ಯನೋ ಪ್ರಾಣಿ-ಪಕ್ಷಿಯೋ ತಿಂದರೆ ಅದು ನೆಟ್ಟವನ ಪಾಲಿಗೆ ಸದಕ ಎಂಬ ಪ್ರವಾದಿ ವಚನವನ್ನು ನಾವು ಶುಕ್ರವಾರದ ಪ್ರವಚನಗಳಲ್ಲಿ ಕೇಳುತ್ತೇವೆ. ಗಿಡದ ಹೆಸರೇ ಗೊತ್ತಿಲ್ಲದ ಮಗುವಿಗೆ ಅದನ್ನು ನೆಡುವ ಆಸೆ ಎಲ್ಲಿಂದ ಬರಬೇಕು?

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು ಮನೆಯಲ್ಲಿ. ಪರದೆಗೆ ಒಂದು ಹೊತ್ತು ಗೊತ್ತುಮಾಡಿ, ಆ ಹೊತ್ತಿನಲ್ಲಿ ತಂದೆಯೋ ತಾಯಿಯೋ ದಾದಿಯೋ ಹಿರಿಯ ಅಕ್ಕನೋ ಮಗುವಿನ ಪಕ್ಕದಲ್ಲಿರಲಿ. ಹದಿನೈದು ನಿಮಿಷ ನೋಡಿದರೆ ಮತ್ತೆ ಹದಿನೈದು ನಿಮಿಷ ಅದರ ಬಗ್ಗೆ ಮಾತಾಗಲಿ. ಪರದೆಯಲ್ಲಿ ಎಲೆ ಕಂಡರೆ ಅಂಗಳದ ಬೇವಿನ ಎಲೆಯನ್ನು ಕೈಗೆ ಕೊಡಿ. ದಖನಿಯ ಹೆಸರನ್ನೂ ಕನ್ನಡದ ಹೆಸರನ್ನೂ ಜೊತೆಜೊತೆಗೆ ಹೇಳಿ. ಓದು ಬಾರದ ಅಜ್ಜಿಯೂ ಈ ಕೆಲಸವನ್ನು ಮಾಡಬಲ್ಲಳು, ಬಹುಶಃ ನಮಗಿಂತ ಚೆನ್ನಾಗಿ ಮಾಡಬಲ್ಲಳು.

ಎರಡನೆಯದು ಮೊಹಲ್ಲಾದಲ್ಲಿ. ಅಂದು ಊರಿಗೊಂದು ಟಿ.ವಿ.ಯ ಮುಂದೆ ಮಕ್ಕಳು ಸೇರುತ್ತಿದ್ದಂತೆ, ವಾರಕ್ಕೊಮ್ಮೆ ಮದ್ರಸಾದ ಇಲ್ಲವೇ ಶಾಲೆಯ ಕೋಣೆಯಲ್ಲಿ ಮಕ್ಕಳನ್ನು ಕೂಡಿಸಿ, ಆರಿಸಿದ ಒಳ್ಳೆಯ ಕನ್ನಡ ಕಾರ್ಯಕ್ರಮವೊಂದನ್ನು ಶಿಕ್ಷಕಿಯ ಸಮ್ಮುಖದಲ್ಲಿ ತೋರಿಸಿ ಚರ್ಚಿಸಬಹುದು. ಇದಕ್ಕೆ ಉಪಗ್ರಹ ಬೇಡ, ಹತ್ತು ಅಡಿಯ ಆಂಟೆನಾ ಬೇಡ. ಜಾತಿ-ಮತಗಳ ಗೆರೆಯಿಲ್ಲದೆ ಓಣಿಯ ಎಲ್ಲ ಮಕ್ಕಳೂ ಬಂದರೆ ಕನ್ನಡ ಅಲ್ಲಿ ಆಟದ ಭಾಷೆಯಾಗುತ್ತದೆ.

ಮೂರನೆಯದು ನಿರ್ಮಾಣದ ಕೆಲಸ. ಚಂದನ ವಾಹಿನಿಗೆ, ಶಿಕ್ಷಣ ಇಲಾಖೆಗೆ ನಾವು ಪತ್ರ ಬರೆದು ಕೇಳಬೇಕು: ಉತ್ತರ ಕರ್ನಾಟಕದ ಮಾತು, ಊಟ, ಹೊಲ, ಮಗ್ಗಗಳಿರುವ, ಶಾಲಾಪೂರ್ವ ಮಕ್ಕಳ ಕಾರ್ಯಕ್ರಮವೊಂದು ಬೇಕೆಂದು. ಅದರ ಓಣಿಯಲ್ಲಿ ಬಸಮ್ಮನ ಮನೆಯ ಪಕ್ಕ ಫಾತಿಮಾಳ ಮನೆಯೂ ಇರಲಿ, ನಮ್ಮ ಊರುಗಳಲ್ಲಿ ಇರುವಂತೆಯೇ. ಆದರೆ ಕೇಳಿ ಸುಮ್ಮನೆ ಕೂರುವುದು ನಮ್ಮ ಸೀಮೆಯ ಗುಣವಲ್ಲ. 1989ರಲ್ಲಿ ಜಮಖಂಡಿ ತಾಲೂಕಿನ ರೈತರು ತಮ್ಮದೇ ಹಣ, ತಮ್ಮದೇ ಶ್ರಮದಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅಂತಹ ನೆಲದ ಯುವಕ ಯುವತಿಯರಿಗೆ, ಪ್ರತಿ ಮದುವೆಗೂ ಅಂದದ ವಿಡಿಯೋ ಮಾಡಬಲ್ಲವರಿಗೆ, ಐದು ನಿಮಿಷದ ಅಕ್ಷರ ಪಾಠಗಳನ್ನು ತಯಾರಿಸುವುದು ಅಸಾಧ್ಯವೇ? ಕ ಎಂದರೆ ಕಬ್ಬು, ಜ ಎಂದರೆ ಜೋಳ, ಬ ಎಂದರೆ ಬೆಲ್ಲ, ಮ ಎಂದರೆ ಮಗ್ಗ, ಲ ಎಂದರೆ ಲಾಳಿ, ಚ ಎಂದರೆ ಚಿಂಕಾರ. ವರ್ಣಮಾಲೆ ನಮ್ಮ ಊರುಗಳಲ್ಲಿ ಚೆಲ್ಲಿಕೊಂಡೇ ಬಿದ್ದಿದೆ, ಆಯ್ದು ಕೊಡುವ ಕೈಗಳು ಬೇಕಾಗಿವೆ. ಬಟ್ಟೆಗೆ ಹಾಸು ಮತ್ತು ಹೊಕ್ಕು ಎರಡೂ ಬೇಕೆಂದು ರಬಕವಿಯ ನೇಕಾರನಿಗೆ ಯಾರೂ ಹೇಳಿಕೊಡಬೇಕಿಲ್ಲ. ಮಗುವಿನ ಕಲಿಕೆಯಲ್ಲಿ ಪರದೆ ಹೊಕ್ಕಿನ ನೂಲಾಗಬಹುದು. ಹಾಸಿನ ನೂಲು ಮಾತ್ರ ಮನೆಯವರ ಮಾತೇ. ಅದು ಬಿಗಿಯಾಗಿರದೆ ಲಾಳಿ ಎಷ್ಟು ಓಡಿದರೂ ಬಟ್ಟೆಯಾಗುವುದಿಲ್ಲ.

ಎಲ್ಲ ಪ್ರವಾದಿಗಳನ್ನೂ ಅವರವರ ಜನರ ಭಾಷೆಯಲ್ಲಿಯೇ ಕಳುಹಿಸಲಾಯಿತೆಂದು ಕುರ್‌ಆನ್ ಹೇಳುತ್ತದೆ. ವಿಷಯವನ್ನು ಸ್ಪಷ್ಟಪಡಿಸಲು ಜನರ ಭಾಷೆ ಬೇಕು, ಜನರ ನಡುವೆ ಇರುವ ಮನುಷ್ಯನೂ ಬೇಕು. ನಮ್ಮ ಮಕ್ಕಳು ಇಂದಲ್ಲ ನಾಳೆ ಲೋಕವನ್ನು ಪರದೆಯ ಮೇಲೆ ನೋಡಿಯೇ ನೋಡುತ್ತಾರೆ. ಅದಕ್ಕೂ ಮೊದಲು ತಮ್ಮ ಊರಿನ ನದಿ, ಬೆಳೆ, ಹಕ್ಕಿ, ಅಕ್ಷರಗಳ ಹೆಸರುಗಳನ್ನು ಪ್ರೀತಿಯ ದನಿಯಿಂದ ಕೇಳಿರಲಿ. ಆ ಹೆಸರುಗಳನ್ನು ಹೇಳುವ ಹೊಣೆ ನಮ್ಮದು. ಅಲ್ಲಾಹನು ನಮಗೆ ಆ ಹೊಣೆಯನ್ನು ಅರಿಯುವ ಮತ್ತು ನಿರ್ವಹಿಸುವ ಸಾಮರ್ಥ್ಯವನ್ನು ದಯಪಾಲಿಸಲಿ. ಆಮೀನ್.